ಒಳಗೆ ಸೇರಿಕೊಂಡ ಲೈಬ್ರರಿಗಳನ್ನು ಏನು ಮಾಡೋಣ?

ಚಿಕ್ಕಮಗಳೂರಿನಲ್ಲಿ ಒಂದು ಭಾನುವಾರ ಓಪನ್ ಸೋರ್ಸ್ ಆಸಕ್ತರ ಮುಂದೆ ಆಡಿದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ. ಲೈಬ್ರರಿ ಅಂದರೆ ಇಲ್ಲಿ ಪುಸ್ತಕದ ಮನೆಯಲ್ಲ, ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್. ಪರದೆಯ ಮೇಲೆ ತೋರಿಸಿದ್ದನ್ನು ಮಾತಿನಲ್ಲೇ ವಿವರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಕೊಪ್ಪ, ಮೂಡಿಗೆರೆ ಕಡೆಯಿಂದ ಬಸ್ಸು ಹಿಡಿದು ಬಂದಿದ್ದೀರಿ. ತುಂಬಾ ಖುಷಿಯಾಯಿತು.

ಮೊದಲು ಒಂದು ಸಂಬಳದ ಚೀಟಿಯ ವಿಷಯ ಹೇಳುತ್ತೇನೆ. ನಮ್ಮ ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರು ಒಂದು ಚಿಕ್ಕ ಓಪನ್ ಸೋರ್ಸ್ ಪ್ರೋಗ್ರಾಂ ಬಳಸುತ್ತಾರೆ. ಚೆಕ್‌ರೋಲ್, ಅಂದರೆ ಕೆಲಸದವರ ಹಾಜರಿ ಪಟ್ಟಿ, ತುಂಬಿದರೆ ಸಾಕು, ಬಟವಾಡೆ ದಿನ ಪ್ರತಿಯೊಬ್ಬರಿಗೂ ಒಂದು ಚೀಟಿ ಅಚ್ಚಾಗುತ್ತದೆ. ಹೆಸರು, ಎಷ್ಟು ದಿನ ಕೆಲಸ, ಮುಂಗಡ ಕಳೆದು ಕೈಗೆ ಎಷ್ಟು, ಇಷ್ಟೇ. ಅವರ ಕಂಪ್ಯೂಟರಿನಲ್ಲಿ ಡೆಬಿಯನ್ ಇದೆ, ಲಿನಕ್ಸ್‌ನ ಒಂದು ಡಿಸ್ಟ್ರೋ. ಆ ಪ್ರೋಗ್ರಾಂನ ಪ್ಯಾಕೇಜ್, ಅಂದರೆ ಡೆಬಿಯನ್‌ನಲ್ಲಿ ಸುಲಭವಾಗಿ ಹಾಕಿಕೊಳ್ಳುವ ಕಟ್ಟು, ಮಾಡಿಕೊಟ್ಟವನು ನಾನು.

ಒಂದು ಸಂಜೆ ಅವರು ಫೋನ್ ಮಾಡಿದರು. "ಅಣ್ಣ, ನೀವು ಹೊಸದು ಹಾಕಿದ ಮೇಲೆ ಹೆಸರೆಲ್ಲಾ ಒಡೆದುಹೋಗಿದೆ" ಅಂದರು. ಹೋಗಿ ನೋಡಿದೆ. ಲಕ್ಷ್ಮಮ್ಮ ಅನ್ನುವ ಹೆಸರಿನಲ್ಲಿ ಒತ್ತೇ ಇರಲಿಲ್ಲ. ಕ ಒಂದು ಕಡೆ, ಷ ಒಂದು ಕಡೆ, ಮ ಇನ್ನೊಂದು ಕಡೆ, ನಡುವೆ ಹಲಂತದ ಗುರುತು. ಒಬ್ಬ ಹೆಂಗಸು ಚೀಟಿ ನೋಡಿ, ಇದು ನನ್ನದಲ್ಲ ಎಂದು ವಾಪಸ್ ಕೊಟ್ಟರಂತೆ. ಆ ಮಾತು ಕೇಳಿ ನನಗೆ ಬಹಳ ಬೇಜಾರಾಯಿತು. ಹೆಸರು ಸರಿಯಾಗಿ ಓದಲು ಬರದ ಚೀಟಿಯ ಮೇಲೆ ದುಡ್ಡಿನ ಲೆಕ್ಕವನ್ನು ಯಾರು ನಂಬುತ್ತಾರೆ?

ಕನ್ನಡದ ಒತ್ತಕ್ಷರ ಪರದೆಯ ಮೇಲೆ ಹೇಗೆ ಮೂಡುತ್ತದೆ ಎಂದು ಸ್ವಲ್ಪ ಹೇಳಬೇಕು. 'ಕ್ಷ್ಮ' ಕಂಪ್ಯೂಟರಿಗೆ ಒಂದು ಅಕ್ಷರ ಅಲ್ಲ. ಕ, ಹಲಂತ, ಷ, ಹಲಂತ, ಮ ಎಂಬ ಐದು ಸಂಕೇತಗಳು. ಈ ಐದನ್ನು ನೋಡಿ, ಫಾಂಟಿನ ಒಳಗಿರುವ ಯಾವ ರೂಪ ಎಲ್ಲಿ ಕೂರಬೇಕು ಎಂದು ತೀರ್ಮಾನಿಸುವ ಒಂದು ಲೈಬ್ರರಿ ಬೇಕು. ಲಿನಕ್ಸ್‌ನಲ್ಲಿ ಆ ಕೆಲಸವನ್ನು ಬಹುಪಾಲು ಹಾರ್ಫ್‌ಬಝ್ ಮಾಡುತ್ತದೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲಾ ನಂಬಿಕೊಂಡಿರುವುದು ಅದನ್ನೇ.

ರೈಟರ ಕಂಪ್ಯೂಟರಿನಲ್ಲಿ ಹಾರ್ಫ್‌ಬಝ್ ಇತ್ತು. ಹೊಸದೇ ಇತ್ತು. ಬೇರೆ ಎಲ್ಲಾ ಕಡೆ ಕನ್ನಡ ಚೆನ್ನಾಗಿ ಕಾಣುತ್ತಿತ್ತು. ಆದರೆ ಈ ಪ್ರೋಗ್ರಾಂನ ಹೊಸ ಆವೃತ್ತಿಯಲ್ಲಿ ಅದರ ಲೇಖಕರು ಚಿತ್ರ ಬರೆಯುವ ಲೈಬ್ರರಿಯೊಂದರ ಪ್ರತಿಯನ್ನು ತಮ್ಮ ಸೋರ್ಸ್, ಅಂದರೆ ಮೂಲ ಕೋಡ್, ಒಳಗೇ ಇಟ್ಟಿದ್ದರು. ಆ ಪ್ರತಿಯನ್ನು ಹಾರ್ಫ್‌ಬಝ್ ಇಲ್ಲದೆ ಬಿಲ್ಡ್ ಮಾಡುವಂತೆ, ಅಂದರೆ ಕೋಡಿನಿಂದ ಓಡುವ ಪ್ರೋಗ್ರಾಂ ತಯಾರಿಸುವಂತೆ, ಹೊಂದಿಸಿದ್ದರು. ಇಂಗ್ಲಿಷಿಗೆ ಅಷ್ಟು ಸಾಕು, ಹಾಗಾಗಿ ಅವರಿಗೆ ಏನೂ ತೊಂದರೆ ಕಂಡಿರಲಿಲ್ಲ. ಸಿಸ್ಟಂನಲ್ಲಿದ್ದ ಒಳ್ಳೆಯ ಲೈಬ್ರರಿ ಸುಮ್ನೆ ಕೂತಿತ್ತು. ಹೊಸ ಟಾರ್‌ಬಾಲ್, ಅಂದರೆ ಸೋರ್ಸ್ ಫೈಲುಗಳ ಕಟ್ಟು, ಬಂದಾಗ ಅದರ ಗಾತ್ರ ಜಾಸ್ತಿಯಾಗಿದ್ದು ನನಗೆ ಕಂಡಿತ್ತು. ಒಳಗೆ ನೋಡಲಿಲ್ಲ. ತಪ್ಪು ಅಲ್ಲಿ ಆಯಿತು.

ಇವತ್ತಿನ ಮಾತು ಇದರ ಬಗ್ಗೆಯೇ. ಬೇರೆಯವರು ಬರೆದ ಲೈಬ್ರರಿಯನ್ನು ಪೂರ್ತಿ ನಕಲು ಮಾಡಿ ತಮ್ಮ ಸೋರ್ಸ್ ಒಳಗೆ ಇಟ್ಟುಕೊಳ್ಳುವುದಕ್ಕೆ ಬಂಡಲ್ ಮಾಡುವುದು ಅನ್ನುತ್ತೇವೆ. ಡಿಸ್ಟ್ರೋಗೆ ಪ್ಯಾಕೇಜ್ ಮಾಡುವವರು ಅದನ್ನು ಏನು ಮಾಡಬೇಕು? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಿಡಿಸಲು ಆಗುವುದನ್ನು ಬಿಡಿಸಿ, ಅಂದರೆ ಒಳಗಿನ ಪ್ರತಿ ತೆಗೆದು ಸಿಸ್ಟಂನಲ್ಲಿರುವ ಲೈಬ್ರರಿಯನ್ನೇ ಬಳಸುವಂತೆ ಮಾಡಿ. ಆಗದಿದ್ದರೆ ಒಳಗೆ ಇದೆ ಎಂದು ಎಲ್ಲರಿಗೂ ಕಾಣುವಂತೆ ಬರೆದಿಡಿ. ಗೊತ್ತಿಲ್ಲದೆ ಮಾತ್ರ ಬಿಡಬೇಡಿ.

ನಕಲು ಮಾಡುವವರು ಕೆಟ್ಟವರಲ್ಲ. ವಿಂಡೋಸ್‌ನಲ್ಲಿ ನಮ್ಮ ಹಾಗೆ ಡಿಸ್ಟ್ರೋ ಲೈಬ್ರರಿಗಳಿಲ್ಲ, ಅಲ್ಲಿ ಎಲ್ಲವನ್ನೂ ಜೊತೆಗೇ ಕೊಡಬೇಕು. ಒಂದು ಆವೃತ್ತಿಯ ಜೊತೆ ಪರೀಕ್ಷೆ ಮಾಡಿದ್ದೇವೆ, ಅದೇ ಇರಲಿ ಅನ್ನುವುದೂ ನ್ಯಾಯವೇ. ಕೆಲವರು ಲೈಬ್ರರಿಯಲ್ಲಿ ದೋಷ ಕಂಡು ತಾವೇ ತಿದ್ದಿರುತ್ತಾರೆ. ತೊಂದರೆ ಆಮೇಲೆ ಬರುತ್ತದೆ. ಮೂಲ ಲೈಬ್ರರಿ ಮುಂದೆ ಹೋಗುತ್ತದೆ, ನಕಲು ಹಿಂದೆಯೇ ಉಳಿಯುತ್ತದೆ.

ಇದರ ಹಳೆಯ ಉದಾಹರಣೆ ಝಡ್‌ಲಿಬ್. ಜಾನ್‌ಲೂ ಗೈಲಿ ಮತ್ತು ಮಾರ್ಕ್ ಆಡ್ಲರ್ 1995ರಲ್ಲಿ ಹೊರತಂದ, ಡೇಟಾ ಕುಗ್ಗಿಸುವ ಚಿಕ್ಕ ಲೈಬ್ರರಿ. ಪಿಎನ್‌ಜಿ ಚಿತ್ರ ತೆರೆಯುವ ಪ್ರತಿ ಪ್ರೋಗ್ರಾಂಗೂ ಇಂಥ ಕೆಲಸ ಬೇಕು. ಚಿಕ್ಕದು, ಲೈಸೆನ್ಸ್ ಸರಳ, ಹಾಗಾಗಿ ಸಿಕ್ಕಸಿಕ್ಕವರೆಲ್ಲಾ ನಕಲು ಮಾಡಿಕೊಂಡರು. 2002ರ ಮಾರ್ಚ್‌ನಲ್ಲಿ ಅದರಲ್ಲಿ ಒಂದು ದೋಷ ಬಯಲಾಯಿತು. ಒಮ್ಮೆ ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೊಮ್ಮೆ ಬಿಟ್ಟುಕೊಡುವ ದೋಷ. 1.1.4 ಆವೃತ್ತಿಯಲ್ಲಿ ಸರಿ ಮಾಡಿದರು. ಸಿಸ್ಟಂ ಲೈಬ್ರರಿ ಬಳಸುತ್ತಿದ್ದ ಪ್ರೋಗ್ರಾಂಗಳೆಲ್ಲಾ ಒಂದೇ ಪ್ಯಾಕೇಜ್ ಬದಲಾಯಿಸಿದ ಕೂಡಲೇ ಸರಿಹೋದವು. ನಕಲು ಇಟ್ಟುಕೊಂಡಿದ್ದವನ್ನು ಒಂದೊಂದಾಗಿ ಹುಡುಕಬೇಕಾಯಿತು. ಲಿನಕ್ಸ್ ಕರ್ನಲ್ ಒಳಗೂ ಒಂದು ಪ್ರತಿ ಇತ್ತು.

ಅದೇ ಝಡ್‌ಲಿಬ್‌ನಲ್ಲಿ ಇನ್ನೊಂದು ದೋಷವನ್ನು 2018ರಲ್ಲೇ ಸೋರ್ಸ್‌ನಲ್ಲಿ ತಿದ್ದಿದ್ದರು. ಆದರೆ ತಿದ್ದಿದ ಬಿಡುಗಡೆ, ಅಂದರೆ 1.2.12, ಬಂದದ್ದು 2022ರ ಮಾರ್ಚ್‌ನಲ್ಲಿ. ನಾಲ್ಕು ವರ್ಷ! ಮೂಲದಲ್ಲೇ ಇಷ್ಟು ತಡವಾದರೆ, ಅದರ ನಕಲುಗಳ ಗತಿ ಯೋಚಿಸಿ.

ಇತ್ತೀಚಿನದು ಬೇಕಾದರೆ ಲಿಬ್‌ವೆಬ್‌ಪಿ. 2023ರ ಸೆಪ್ಟೆಂಬರ್. ವೆಬ್‌ಪಿ ಎಂಬ ಬಗೆಯ ಚಿತ್ರ ತೆರೆಯುವ ಲೈಬ್ರರಿಯಲ್ಲಿ ಮೆಮೊರಿಯ ಗಡಿ ದಾಟಿ ಬರೆಯುವ ದೋಷ ಸಿಕ್ಕಿತು. ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2023-4863 ಎಂದು ಗುರುತು. ಕ್ರೋಮ್, ಫೈರ್‌ಫಾಕ್ಸ್ ಎರಡೂ ಕೆಲವೇ ದಿನಗಳಲ್ಲಿ ಸರಿ ಮಾಡಿಕೊಂಡವು. ಮೂಲ ಲೈಬ್ರರಿಯ 1.3.2 ಆವೃತ್ತಿಯೂ ಬಂತು. ಆದರೆ ವೆಬ್ ಪುಟದಂತೆ ಆ್ಯಪ್ ಕಟ್ಟಲು ನೆರವಾಗುವ ಎಲೆಕ್ಟ್ರಾನ್ ಬಳಸುವ ಪ್ರತಿ ಆ್ಯಪ್ ಒಳಗೂ ಒಂದು ಪೂರ್ತಿ ಕ್ರೋಮಿಯಂ, ಅಂದರೆ ಕ್ರೋಮ್‌ಗೆ ಆಧಾರವಾದ ಬ್ರೌಸರ್, ಇರುತ್ತದೆ, ಅದರೊಳಗೆ ಒಂದು ಲಿಬ್‌ವೆಬ್‌ಪಿ. ಒಂದು ಲ್ಯಾಪ್‌ಟಾಪಿನಲ್ಲಿ ಅಂಥ ಐದು ಆ್ಯಪ್ ಇದ್ದರೆ ಐದು ಪ್ರತಿ. ಪೈಥಾನ್ ಭಾಷೆಯಲ್ಲಿ ಚಿತ್ರಗಳ ಕೆಲಸ ಮಾಡುವ ಪಿಲ್ಲೋ ಲೈಬ್ರರಿಯ ರೆಡಿ ಪ್ಯಾಕೇಜುಗಳಲ್ಲೂ ಪ್ರತಿ ಇತ್ತು. ಅವರು ಆ ತಿಂಗಳಲ್ಲೇ 10.0.1 ಆವೃತ್ತಿ ಬಿಟ್ಟು ಒಳಗಿನ ಪ್ರತಿಯನ್ನು ಹೊಸದು ಮಾಡಿದರು. ನಕಲು ಇಟ್ಟುಕೊಂಡರೆ ಹೀಗೆ ಎಚ್ಚರವಾಗಿರಬೇಕು. ನನಗೆ ಅವರ ಮೇಲೆ ತುಂಬಾ ಗೌರವ ಇದೆ.

ಈಗ ಹುಡುಕುವ ಕೆಲಸಕ್ಕೆ ಬರೋಣ. ಇಲ್ಲಿ ಅರೇಬಿಕಾ ಕಾಫಿ ತೋಟ ಇರುವವರಿಗೆ ಬೋರರ್ ಗೊತ್ತು, ಅಲ್ವಾ? ಬಿಳಿ ಕಾಂಡ ಕೊರಕ. ಗಿಡ ದೂರದಿಂದ ಹಸಿರಾಗಿಯೇ ಕಾಣುತ್ತದೆ. ಹುಳು ಕಾಂಡದ ಒಳಗೆ ಇರುತ್ತದೆ. ಹಾರಾಟದ ಕಾಲ ಶುರುವಾಗುವ ಮೊದಲೇ, ಮಾರ್ಚ್‌ನಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ, ಸಾಲು ಹಿಡಿದು ಒಂದೊಂದೇ ಗಿಡದ ಕಾಂಡ ನೋಡಬೇಕು. ತೊಗಟೆ ಮೇಲೆ ಉಬ್ಬಿದ ಗೆರೆ ಕಂಡರೆ ಒಳಗೆ ಹುಳು ಇದೆ ಎಂದು ಅರ್ಥ. ನಮ್ಮ ಕೆಲಸದಲ್ಲೂ ಹೊರಗೆ ಕಾಣುವ ಗೆರೆಗಳಿವೆ. ಸಾಲು ಬಿಡದೆ ನೋಡುವ ತಾಳ್ಮೆ ಬೇಕು.

ಮೊದಲ ಗೆರೆ ಫೋಲ್ಡರಿನ ಹೆಸರು. ಥರ್ಡ್‌ಪಾರ್ಟಿ, ವೆಂಡರ್, ಎಕ್ಸ್‌ಟರ್ನಲ್, ಡೆಪ್ಸ್, ಕಾಂಟ್ರಿಬ್, ಇಂಥವು. ಆದರೆ ಎಲ್ಲರೂ ಇಷ್ಟು ಒಳ್ಳೆಯ ಹೆಸರು ಇಡುವುದಿಲ್ಲ. ಯುಟಿಲ್ಸ್ ಫೋಲ್ಡರಿನ ಒಳಗೆ ಪೂರ್ತಿ ಎಕ್ಸ್‌ಎಂಎಲ್ ಲೈಬ್ರರಿ ಕೂತಿದ್ದನ್ನು ನಾನು ನೋಡಿದ್ದೇನೆ.

ಎರಡನೆಯದು ಲೈಸೆನ್ಸ್. ಟಾರ್‌ಬಾಲ್ ಬಿಚ್ಚಿ, ಲೈಸೆನ್ಸ್ ಅಥವಾ ಕಾಪಿಯಿಂಗ್ ಎಂಬ ಹೆಸರಿನ ಫೈಲು ಎಷ್ಟಿವೆ ಎಂದು ಎಣಿಸಿ. ಒಂದಕ್ಕಿಂತ ಜಾಸ್ತಿ ಇದ್ದರೆ ಒಳಗೆ ಅತಿಥಿಗಳಿರಬಹುದು. ಲೈಸೆನ್ಸ್‌ಚೆಕ್ ಎಂಬ ಸಾಧನ ಪ್ರತಿ ಫೈಲಿನ ತಲೆಬರಹ ಓದಿ ಯಾರ ಹಕ್ಕು, ಯಾವ ಲೈಸೆನ್ಸ್ ಎಂದು ಪಟ್ಟಿ ಮಾಡಿಕೊಡುತ್ತದೆ. ಈ ಪಟ್ಟಿ ಡೆಬಿಯನ್‌ನ ಕಾಪಿರೈಟ್ ಫೈಲಿಗೂ ಬೇಕೇ ಬೇಕು. ಮೇಲೆ ಒಂದು ಲೈಸೆನ್ಸ್ ಬರೆದು, ಒಳಗೆ ಅದಕ್ಕೆ ಹೊಂದದ ಲೈಸೆನ್ಸ್ ಇರುವ ಕೋಡ್ ಇಟ್ಟಿರುವುದು ಆಗಾಗ ಸಿಗುತ್ತದೆ.

ಮೂರನೆಯದು ಬಿಲ್ಡ್ ಆದ ಮೇಲೆ. ಎಲ್‌ಡಿಡಿ ಎಂಬ ಕಮಾಂಡ್ ಓಡಿಸಿದರೆ ಪ್ರೋಗ್ರಾಂ ಯಾವ ಯಾವ ಲೈಬ್ರರಿಗಳನ್ನು ಹೊರಗಿನಿಂದ ಕೇಳುತ್ತದೆ ಎಂದು ತೋರಿಸುತ್ತದೆ. ಪಿಎನ್‌ಜಿ ತೆರೆಯುವ ಪ್ರೋಗ್ರಾಂ ಲಿಬ್‌ಪಿಎನ್‌ಜಿಯನ್ನು ಕೇಳುತ್ತಲೇ ಇಲ್ಲ ಅಂದರೆ? ಹೊಟ್ಟೆಯೊಳಗೆ ಇಟ್ಟುಕೊಂಡಿರಬೇಕು. ಅಲ್ಲಿಂದ ಹುಡುಕಲು ಶುರು ಮಾಡಿ.

ನಾಲ್ಕನೆಯದು ನನಗೆ ತುಂಬಾ ಇಷ್ಟ. ಝಡ್‌ಲಿಬ್ ಬರೆದವರು ಕೋಡ್ ಒಳಗೆ ಒಂದು ಸಾಲು ಇಟ್ಟಿದ್ದಾರೆ. ಇನ್‌ಫ್ಲೇಟ್ ಎಂಬ ಪದ, ಆವೃತ್ತಿಯ ಸಂಖ್ಯೆ, ಮಾರ್ಕ್ ಆಡ್ಲರ್ ಹೆಸರು, 1995ರಿಂದ ಶುರುವಾಗುವ ಇಸವಿ. ಕಂಪೈಲ್ ಆದ ಮೇಲೂ ಈ ಸಾಲು ಬೈನರಿಯಲ್ಲಿ, ಅಂದರೆ ಓಡುವ ಫೈಲಿನಲ್ಲಿ, ಹಾಗೇ ಉಳಿಯುತ್ತದೆ. ಬೈನರಿಯಲ್ಲಿನ ಓದಬಹುದಾದ ಸಾಲುಗಳನ್ನು ತೋರಿಸುವ ಸ್ಟ್ರಿಂಗ್ಸ್ ಕಮಾಂಡ್ ಓಡಿಸಿ, ಇನ್‌ಫ್ಲೇಟ್ ಎಂದು ಗ್ರೆಪ್ ಮಾಡಿ, ಅಂದರೆ ಹುಡುಕಿ. ಸಾಲು ಸಿಕ್ಕರೆ ಝಡ್‌ಲಿಬ್ ಒಳಗಿದೆ, ಎಷ್ಟು ಹಳೆಯದು ಎಂದೂ ಗೊತ್ತಾಗುತ್ತದೆ. ಡೆಬಿಯನ್‌ನಲ್ಲಿ ಪ್ಯಾಕೇಜ್ ತಪಾಸಣೆ ಮಾಡುವ ಲಿಂಟಿಯನ್ ಕೂಡ ಇಂಥದೇ ಸಾಲುಗಳನ್ನು ಹುಡುಕಿ ನಮಗೆ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆಯನ್ನು ಬಾಯಿ ಮುಚ್ಚಿಸಲು ಹೋಗಬೇಡಿ, ಮೊದಲು ನೋಡಿ.

ಜಾವಾದಲ್ಲಿ ಇನ್ನೂ ಕಷ್ಟ. ಜಾರ್ ಅಂದರೆ ಜಾವಾ ಕೋಡಿನ ಕಟ್ಟು. ಜಾರ್ ಒಳಗೆ ಜಾರ್, ಅದರೊಳಗೆ ಇನ್ನೊಂದು. 2021ರ ಡಿಸೆಂಬರಿನಲ್ಲಿ ಲಾಗ್ ಬರೆಯುವ ಲಾಗ್‌ಫೋರ್‌ಜೆ ಲೈಬ್ರರಿಯ ದೋಷ ಬಯಲಾದಾಗ ಎಷ್ಟೋ ಕಡೆ ತಿದ್ದುವ ಕೆಲಸಕ್ಕಿಂತ ಹುಡುಕುವ ಕೆಲಸವೇ ದೊಡ್ಡದಾಯಿತು.

ಸರಿ, ಸಿಕ್ಕಿತು. ಇನ್ನು ಬಿಡಿಸುವುದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಅವಸರ ಮಾಡಿದರೆ ಇಲ್ಲೇ ಕೆಡುವುದು.

ಮೊದಲು ಆ ಪ್ರತಿಯನ್ನು ಲೇಖಕರು ತಿದ್ದಿದ್ದಾರಾ ನೋಡಿ. ಅದರ ಆವೃತ್ತಿ ಪತ್ತೆ ಮಾಡಿ, ಮೂಲ ಲೈಬ್ರರಿಯ ಅದೇ ಆವೃತ್ತಿಯನ್ನು ಇಳಿಸಿಕೊಂಡು, ಎರಡರ ನಡುವೆ ಡಿಫ್ ಹಾಕಿ, ಅಂದರೆ ಸಾಲು ಸಾಲಾಗಿ ಹೋಲಿಸಿ. ಏನೂ ವ್ಯತ್ಯಾಸ ಇಲ್ಲದಿದ್ದರೆ ಅರ್ಧ ಕೆಲಸ ಮುಗಿಯಿತು. ಬಿಲ್ಡ್ ಫೈಲು ಮಾತ್ರ ಬೇರೆ ಇದ್ದರೂ ಚಿಂತೆ ಇಲ್ಲ. ನಿಜವಾದ ಕೋಡ್ ಬದಲಾಗಿದ್ದರೆ ಆ ಬದಲಾವಣೆ ಏಕೆ ಎಂದು ಅರ್ಥ ಮಾಡಿಕೊಳ್ಳುವವರೆಗೆ ಮುಂದೆ ಹೋಗಬೇಡಿ. ಬಹಳ ಸಲ ಅದೊಂದು ಒಳ್ಳೆಯ ತಿದ್ದುಪಡಿ ಆಗಿರುತ್ತದೆ, ಮೂಲದವರಿಗೆ ಯಾರೂ ಕಳಿಸಿರುವುದಿಲ್ಲ. ನೀವು ಕಳಿಸಿ. ಅವರು ಸೇರಿಸಿಕೊಂಡರೆ ನಕಲಿನ ಅಗತ್ಯವೇ ಹೋಗುತ್ತದೆ.

ಆಮೇಲೆ ಬಿಲ್ಡ್ ಫೈಲುಗಳನ್ನು ಓದಿ. ಸಿಸ್ಟಂ ಲೈಬ್ರರಿ ಬಳಸು ಎಂದು ಹೇಳುವ ಸ್ವಿಚ್ ಎಷ್ಟೋ ಕಡೆ ಇದ್ದೇ ಇರುತ್ತದೆ. ಆ್ಯಪ್ ಕಟ್ಟಲು ಬಳಸುವ ಕ್ಯೂಟಿಯಲ್ಲಿ ಹಾರ್ಫ್‌ಬಝ್‌ಗೂ ಇದೆ, ತನ್ನ ಪ್ರತಿಯನ್ನೋ ಸಿಸ್ಟಂನದನ್ನೋ ಆರಿಸಿಕೊಳ್ಳಬಹುದು. ಇಲ್ಲದಿದ್ದರೆ ನೀವೇ ಬರೆಯಬೇಕು. ಬಿಲ್ಡ್ ಸಾಧನ ಸಿಮೇಕ್ ಆಗಲಿ ಮೆಸನ್ ಆಗಲಿ, ಪಿಕೆಜಿ-ಕಾನ್ಫಿಗ್ ಮೂಲಕ ಲೈಬ್ರರಿ ಹುಡುಕುವ ನಾಲ್ಕೈದು ಸಾಲು ಸಾಮಾನ್ಯವಾಗಿ ಸಾಕಾಗುತ್ತದೆ.

ಈಗ ಮುಖ್ಯವಾದದ್ದು. ಬಿಲ್ಡ್ ಮಾಡುವ ಮೊದಲು ಆ ಫೋಲ್ಡರನ್ನು ಅಳಿಸಿ. ಸ್ವಿಚ್ ಹಾಕಿದೆ, ಆಯಿತು ಎಂದು ಬಿಡಬೇಡಿ. ಸಿಸ್ಟಂ ಲೈಬ್ರರಿ ಸಿಗದಿದ್ದರೆ ಸದ್ದಿಲ್ಲದೆ ಒಳಗಿನ ಪ್ರತಿಗೆ ಹೋಗುವ ಬಿಲ್ಡ್‌ಗಳು ಬಹಳ ಇವೆ. ಲೈಬ್ರರಿಯಲ್ಲಿ ಏನಿದೆ ಎಂದು ಹೇಳುವ ಹೆಡರ್ ಫೈಲು ಒಳಗಿನದು, ಲೈಬ್ರರಿ ಹೊರಗಿನದು ಆದರೆ ಇನ್ನೂ ಕೆಟ್ಟದು. ಬಿಲ್ಡ್ ಆಗುತ್ತದೆ, ಓಡುವಾಗ ಎಲ್ಲೋ ಬೀಳುತ್ತದೆ. ಫೆಡೋರಾ ಎಂಬ ಇನ್ನೊಂದು ಡಿಸ್ಟ್ರೋದವರು ಪ್ಯಾಕೇಜ್ ಕಟ್ಟುವ ವಿಧಾನ ಬರೆದ ಸ್ಪೆಕ್ ಫೈಲಿನ ಪ್ರೆಪ್ ಭಾಗದಲ್ಲೇ ಫೋಲ್ಡರ್ ಅಳಿಸುತ್ತಾರೆ. ಡೆಬಿಯನ್‌ನಲ್ಲಿ ಕಾಪಿರೈಟ್ ಫೈಲಿನಲ್ಲಿ ಫೈಲ್ಸ್-ಎಕ್ಸ್‌ಕ್ಲೂಡೆಡ್ ಎಂದು ಬರೆದರೆ, ಯುಸ್ಕ್ಯಾನ್ ಎಂಬ ಸಾಧನ ಹೊಸ ಟಾರ್‌ಬಾಲ್ ತರುವಾಗಲೇ ಅವನ್ನು ತೆಗೆದುಹಾಕಿ ಮತ್ತೆ ಕಟ್ಟುತ್ತದೆ. ಹಾಗೆ ಮರುಕಟ್ಟಿದ್ದಕ್ಕೆ ಆವೃತ್ತಿಯ ಕೊನೆಯಲ್ಲಿ ಪ್ಲಸ್ ಡಿಎಸ್ ಎಂಬ ಗುರುತು ಹಾಕುವ ರೂಢಿ ಇದೆ. ಲೈಸೆನ್ಸ್ ಮುಕ್ತವಲ್ಲ ಎಂಬ ಕಾರಣಕ್ಕೆ ತೆಗೆದಿದ್ದರೆ ಪ್ಲಸ್ ಡಿಎಫ್‌ಎಸ್‌ಜಿ. ಒಮ್ಮೆ ಬರೆದಿಟ್ಟರೆ ಮುಂದಿನ ಆವೃತ್ತಿಗೂ ಅದೇ ಕೆಲಸ ಮಾಡುತ್ತದೆ.

ಆಮೇಲೆ ಪರೀಕ್ಷೆಗಳನ್ನು ಓಡಿಸಿ. ಮತ್ತೆ ಎಲ್‌ಡಿಡಿ ನೋಡಿ. ಹೊರಗಿನ ಲೈಬ್ರರಿಯ ಹೆಸರು ಈಗ ಕಾಣಬೇಕು. ಕಂಡಾಗ ಆಗುವ ಸಮಾಧಾನ ನಿಮಗೂ ಸಿಗಲಿ.

ಪ್ರೋಗ್ರಾಂ ಬರೆದವರ ಜೊತೆ ಹೇಗೆ ಮಾತಾಡಬೇಕು ಎನ್ನುವುದನ್ನು ಕಲಿಯಲು ನನಗೆ ವರ್ಷಗಳು ಬೇಕಾದವು. ನಮ್ಮ ನಿಯಮದ ಪ್ರಕಾರ ನೀವು ಮಾಡಿದ್ದು ತಪ್ಪು ಎಂದು ಬರೆದರೆ ಅವರು ಬಾಗಿಲು ಹಾಕಿಕೊಳ್ಳುತ್ತಾರೆ. ನಿಯಮ ನಮ್ಮದು, ಅವರದ್ದಲ್ಲ. ವಿಂಡೋಸ್ ಬಳಸುವವರಿಗಾಗಿ ಪ್ರತಿ ಇರಲಿ, ಲಿನಕ್ಸ್‌ಗೆ ಒಂದು ಸ್ವಿಚ್ ಕೊಡಿ, ಅದಕ್ಕೆ ಬೇಕಾದ ತಿದ್ದುಪಡಿ, ಅಂದರೆ ಪ್ಯಾಚ್, ಜೊತೆಗೇ ಇದೆ ಎಂದು ಬರೆದರೆ ಬಹಳ ಸಲ ಒಪ್ಪುತ್ತಾರೆ. ಒಪ್ಪದಿದ್ದರೂ ಕಾರಣ ಹೇಳುತ್ತಾರೆ. ಆ ಕಾರಣ ಕೇಳಿ ನಾನೇ ಮನಸ್ಸು ಬದಲಾಯಿಸಿದ್ದೂ ಇದೆ.

ಏಕೆಂದರೆ ಎಲ್ಲವನ್ನೂ ಬಿಡಿಸಬೇಕು ಎಂದೇನಿಲ್ಲ. ಗ್ನೂಲಿಬ್ ಎಂಬ ಕೋಡ್ ಸಂಗ್ರಹ ಇರುವುದೇ ನಕಲು ಮಾಡಿಕೊಳ್ಳಲಿಕ್ಕೆ. ಡೆಬಿಯನ್ ನೀತಿಯೂ ಹಾಗೇ ಹೇಳುತ್ತದೆ. ಒಳಗೆ ಸೇರಿಸಿದ ಪ್ರತಿಗಳನ್ನು ಬಳಸಬಾರದು, ಆದರೆ ಹೀಗೆ ಬಳಸಲೆಂದೇ ಮಾಡಿದ್ದಾದರೆ ಅಡ್ಡಿಯಿಲ್ಲ. ಫೆಡೋರಾದಲ್ಲಿ ಮೊದಲು ಬಂಡಲ್ ಮಾಡಬೇಕಾದರೆ ವಿಶೇಷ ಒಪ್ಪಿಗೆ ಬೇಕಿತ್ತು. 2015ರಲ್ಲಿ ಅದನ್ನು ಸಡಿಲಿಸಿದರು. ಬಿಡಿಸಲು ದಾರಿ ಇದ್ದರೆ ಬಿಡಿಸಿ, ಇಲ್ಲದಿದ್ದರೆ ಸ್ಪೆಕ್ ಫೈಲಿನಲ್ಲಿ ಬಂಡಲ್ಡ್ ಎಂದು ಲೈಬ್ರರಿಯ ಹೆಸರು, ಆವೃತ್ತಿ ಘೋಷಿಸಿ ಎಂದರು. ಇದು ಸೋತು ಕೈಬಿಟ್ಟ ಹಾಗಾಯಿತು ಎಂದು ಬೇಸರಪಟ್ಟವರಿದ್ದರು. ನನಗೆ ಹಾಗನ್ನಿಸುವುದಿಲ್ಲ. ಬಚ್ಚಿಟ್ಟುಕೊಂಡು ಇರುವ ಪ್ರತಿಗಿಂತ ಘೋಷಿಸಿದ ಪ್ರತಿ ನೂರು ಪಾಲು ವಾಸಿ. ನಾಳೆ ಝಡ್‌ಲಿಬ್‌ನಲ್ಲಿ ದೋಷ ಬಂದರೆ, ಯಾವ ಯಾವ ಪ್ಯಾಕೇಜಿನಲ್ಲಿ ಅದು ಕೂತಿದೆ ಎಂದು ಒಂದೇ ಪ್ರಶ್ನೆಯಲ್ಲಿ ಪಟ್ಟಿ ಸಿಗುತ್ತದೆ. ಡೆಬಿಯನ್‌ನ ಭದ್ರತಾ ತಂಡವೂ ಇಂಥ ಒಂದು ಪಟ್ಟಿ ಇಟ್ಟುಕೊಂಡಿದೆ.

ಗೋ ಮತ್ತು ರಸ್ಟ್ ಎಂಬ ಪ್ರೋಗ್ರಾಂ ಭಾಷೆಗಳ ಬಗ್ಗೆ ಎರಡು ಮಾತು. ಅವುಗಳಲ್ಲಿ ಸಾಮಾನ್ಯವಾಗಿ ಲೈಬ್ರರಿಗಳೆಲ್ಲಾ ಕೊನೆಯ ಬೈನರಿಯ ಒಳಗೇ ಸೇರಿಹೋಗುತ್ತವೆ. ಡೆಬಿಯನ್‌ನಲ್ಲಿ ಪ್ರತಿ ಲೈಬ್ರರಿಯ ಸೋರ್ಸನ್ನು ಬೇರೆ ಪ್ಯಾಕೇಜ್ ಮಾಡಿ ಇಡುತ್ತಾರೆ. ಒಂದನ್ನು ತಿದ್ದಿದರೆ ಅದನ್ನು ಬಳಸಿದ್ದೆಲ್ಲವನ್ನೂ ಮತ್ತೆ ಬಿಲ್ಡ್ ಮಾಡಬೇಕು. ಕೆಲಸ ಜಾಸ್ತಿ, ಆದರೆ ತಿದ್ದುವ ಜಾಗ ಒಂದೇ ಇರುತ್ತದೆ.

ಫಾಂಟುಗಳನ್ನೂ ಮರೆಯಬೇಡಿ. ಆಟಗಳು, ಓದುವ ಆ್ಯಪ್‌ಗಳು ಕನ್ನಡ ಫಾಂಟಿನ ಹಳೆಯ ಪ್ರತಿ ಇಟ್ಟುಕೊಂಡಿರುತ್ತವೆ. ಡೆಬಿಯನ್‌ನಲ್ಲಿ ಲೋಹಿತ್ ಕನ್ನಡ, ಗುಬ್ಬಿ, ನವಿಲು ಎಲ್ಲಾ ಬೇರೆ ಪ್ಯಾಕೇಜುಗಳಾಗಿಯೇ ಇವೆ. ಒಳಗಿನ ಫೈಲು ತೆಗೆದು ಆ ಪ್ಯಾಕೇಜಿನ ಫಾಂಟಿಗೆ ಒಂದು ಸಿಮ್‌ಲಿಂಕ್, ಅಂದರೆ ದಾರಿ ತೋರಿಸುವ ಕೊಂಡಿ, ಕೊಟ್ಟರಾಯಿತು. ಈ ಕೆಲಸಕ್ಕೆ ಸಿ ಭಾಷೆ ಬರಬೇಕಿಲ್ಲ. ಕನ್ನಡ ಓದಲು ಬಂದರೆ ಸಾಕು, ಒತ್ತು ತಪ್ಪಿದ್ದು ಗೊತ್ತಾಗುತ್ತದೆ. ಇಲ್ಲಿರುವ ವಿದ್ಯಾರ್ಥಿಗಳು ಇಲ್ಲಿಂದಲೇ ಶುರು ಮಾಡಬಹುದು.

ಇನ್ನು ಪ್ರಶ್ನೆಗಳು.

ಡಿಪ್ಲೊಮಾ ಓದುವ ಹುಡುಗಿಯೊಬ್ಬಳು ಕೇಳಿದಳು: "ಸರ್, ಎಲ್ಲರೂ ಒಂದೇ ಪ್ರತಿ ಬಳಸಿದರೆ ಅದು ಕೆಟ್ಟಾಗ ಎಲ್ಲರೂ ಒಟ್ಟಿಗೆ ಕೆಡುತ್ತಾರಲ್ವಾ? ಎಕ್ಸ್‌ಝಡ್ ಹಾಗೇ ಆಯಿತಲ್ಲ."

ಬಹಳ ಒಳ್ಳೆಯ ಪ್ರಶ್ನೆ. ಎಕ್ಸ್‌ಝಡ್ ಕೂಡ ಡೇಟಾ ಕುಗ್ಗಿಸುವ ಲೈಬ್ರರಿ, ಅದರೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದರು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಬಯಲಿಗೆ ತಂದರು. ದೂರದ ಕಂಪ್ಯೂಟರಿಗೆ ಸೇರಿಕೊಳ್ಳಲು ಬಳಸುವ ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದ್ದುದನ್ನು ಕಂಡು ಬೆನ್ನು ಹತ್ತಿದ್ದರು. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇತ್ತು. ಎಸ್‌ಎಸ್‌ಎಚ್‌ಗೆ ಆ ಲೈಬ್ರರಿ ನೇರವಾಗಿ ಬೇಕಾಗಿಯೂ ಇರಲಿಲ್ಲ. ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಂಡಿಗೆ ಸುದ್ದಿ ಕೊಡಲು ಕೆಲವು ಡಿಸ್ಟ್ರೋಗಳು ಹಾಕಿದ ಪ್ಯಾಚಿನ ಮೂಲಕ ಅದು ಒಳಗೆ ಬಂತು. ಅಂದರೆ ನಮ್ಮಂಥ ಪ್ಯಾಕೇಜ್ ಮಾಡುವವರ ಪಾಲೂ ಅದರಲ್ಲಿತ್ತು. ಅದನ್ನು ಒಪ್ಪಿಕೊಳ್ಳಬೇಕು. ಆದರೆ ಗೊತ್ತಾದ ಕೂಡಲೇ ಡಿಸ್ಟ್ರೋಗಳು ಒಂದು ಪ್ಯಾಕೇಜನ್ನು ಹಿಂದಿನ ಆವೃತ್ತಿಗೆ ತಂದವು. ನೂರು ಕಡೆ ನಕಲು ಇದ್ದಿದ್ದರೆ ನೂರು ಕಡೆ ಹುಡುಕಬೇಕಿತ್ತು. ಇನ್ನೊಂದು ವಿಷಯ. ಆ ಕಳ್ಳಬಾಗಿಲನ್ನು ಎಬ್ಬಿಸುವ ಸಾಲು ಎಲ್ಲರೂ ನೋಡುವ ಸೋರ್ಸ್ ಭಂಡಾರವಾದ ಗಿಟ್‌ನಲ್ಲಿ ಇರಲಿಲ್ಲ, ಬಿಡುಗಡೆಯ ಟಾರ್‌ಬಾಲಿನಲ್ಲಿ ಮಾತ್ರ ಇತ್ತು. ಆವತ್ತಿನಿಂದ ನಾನು ಎರಡನ್ನೂ ಹೋಲಿಸಿ ನೋಡದೆ ಪ್ಯಾಕೇಜ್ ಮಾಡುವುದಿಲ್ಲ.

ಬೆಂಗಳೂರಿನಲ್ಲಿ ಕೆಲಸ ಮಾಡಿ ಊರಿಗೆ ವಾಪಸ್ ಬಂದವರೊಬ್ಬರು ಕೇಳಿದರು: "ಈಗ ಎಲ್ಲಾ ಫ್ಲ್ಯಾಟ್‌ಪ್ಯಾಕ್, ಕಂಟೇನರ್ ಆಗಿದೆ. ಎಲ್ಲವೂ ಒಳಗೇ ಬರುತ್ತದೆ. ಈ ಕೆಲಸ ಇನ್ನು ಯಾರಿಗೆ ಬೇಕು?"

ಪ್ರತಿಗಳು ಹೆಚ್ಚಾದಷ್ಟೂ ಒಳಗೇನಿದೆ ಎಂದು ಹೇಳಬಲ್ಲವರು ಹೆಚ್ಚು ಬೇಕು. ಎಸ್‌ಬಿಒಎಂ ಎಂಬ ಪದ ಕೇಳಿರುತ್ತೀರಿ, ಸಾಫ್ಟ್‌ವೇರ್ ಒಳಗಿನ ಸಾಮಾನುಗಳ ಪಟ್ಟಿ. ನಮ್ಮ ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೂಡ 2024ರಲ್ಲಿ ಅದರ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಪಟ್ಟಿ ತಯಾರಿಸುವ ಸಾಧನಗಳು ಘೋಷಿಸಿದ್ದನ್ನು ಚೆನ್ನಾಗಿ ಓದುತ್ತವೆ. ಯುಟಿಲ್ಸ್ ಫೋಲ್ಡರಿನಲ್ಲಿ ಹೆಸರಿಲ್ಲದೆ ಕೂತಿರುವ ಲೈಬ್ರರಿಯನ್ನು ಕಂಡುಹಿಡಿಯಲು ಈಗಲೂ ಒಬ್ಬರು ಕೂತು ಫೈಲು ತೆರೆಯಬೇಕು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. ನಮ್ಮ ಪಕ್ಕದ ತೋಟದ ರೈಟರೇ ಬಂದಿದ್ದರು, ನಾನು ಗಮನಿಸಿರಲಿಲ್ಲ. "ಅಣ್ಣ, ನಮ್ಮ ಚೆಕ್‌ರೋಲ್ ಪ್ರೋಗ್ರಾಂ ಒಳಗೆ ಇನ್ನೇನಾದರೂ ಇದೆಯಾ?"

ಇದೆ. ಚಿತ್ರ ಬರೆಯುವ ಲೈಬ್ರರಿಯನ್ನು ಬಿಡಿಸಿದ್ದೇನೆ. ಲೇಖಕರು ಸ್ವಿಚ್ ಒಪ್ಪಿಕೊಂಡಿದ್ದಾರೆ. ಲಕ್ಷ್ಮಮ್ಮ ಎಂಬ ಹೆಸರನ್ನೇ ಅವರ ಪರೀಕ್ಷೆಗಳಲ್ಲಿ ಒಂದಾಗಿ ಸೇರಿಸಿದ್ದಾರೆ. ಒತ್ತು ತಪ್ಪಿದರೆ ಬಿಲ್ಡ್ ನಿಲ್ಲುತ್ತದೆ. ಆದರೆ ಲೆಕ್ಕದ ಹಾಳೆ ಓದುವ ಚಿಕ್ಕ ಲೈಬ್ರರಿಯೊಂದು ಒಳಗೇ ಉಳಿದಿದೆ. ಅದನ್ನು ಅವರು ತಿದ್ದಿದ್ದಾರೆ, ಮೂಲದವರಿಗೆ ನಾನು ಕಳಿಸಿದ ಪ್ಯಾಚಿಗೆ ಇನ್ನೂ ಉತ್ತರ ಬಂದಿಲ್ಲ. ಅದರ ಹೆಸರು, ಆವೃತ್ತಿ, ಏನು ಬದಲಾಗಿದೆ ಎಂಬುದನ್ನು ಪ್ಯಾಕೇಜಿನ ರೀಡ್‌ಮಿ ಫೈಲಿನಲ್ಲಿ ಕನ್ನಡದಲ್ಲೂ ಬರೆದಿದ್ದೇನೆ. ಮುಂದಿನ ಬಟವಾಡೆಗೆ ಬಂದಾಗ ನಿಮಗೆ ತೆರೆದು ತೋರಿಸುತ್ತೇನೆ.